ಪ್ರಸನ್ನ ಅವರನ್ನು ಪರೀಕ್ಷೆಯ ಗುಮ್ಮ ಮಾಡಬೇಡಿ

ಕಳೆದ ಭಾನುವಾರ ತಂಗಿ ಫೋನ್ ಮಾಡಿದ್ದಳು. ಅವಳ ಮಗನಿಗೆ ಈಗ ದ್ವಿತೀಯ ಪಿಯುಸಿ, ಜೊತೆಗೆ ಕ್ರಿಕೆಟ್ಟಿನ ಆಫ್ ಸ್ಪಿನ್ ಬೌಲಿಂಗಿನ ಹುಚ್ಚು. "ಅಣ್ಣ, ಅಪ್ಪ ನಿನಗೆ ಹೇಳುತ್ತಿದ್ದರಲ್ಲ, ಆ ಪ್ರಸನ್ನನ ಕಥೆ, ಅದನ್ನು ಇವನಿಗೂ ಒಂದು ಸಲ ಹೇಳು. ನಮ್ಮ ಮಾತಂತೂ ಕೇಳುವುದಿಲ್ಲ" ಎಂದಳು.

ಭಾರತಕ್ಕೆ ಆಡಿದ ಆಫ್ ಸ್ಪಿನ್ನರ್ ಎರಪಳ್ಳಿ ಪ್ರಸನ್ನ ಅವರ ಆ ಕಥೆ ನನಗೆ ಬಾಯಿಪಾಠ. ಮೈಸೂರಿನ ಮಾನಂದವಾಡಿ ರಸ್ತೆಯಲ್ಲಿ ಹೋಗುವಾಗಲೆಲ್ಲ ಅಪ್ಪ ಎನ್‌ಐಇ ಇಂಜಿನಿಯರಿಂಗ್ ಕಾಲೇಜಿನ ಗೇಟಿನ ಹತ್ತಿರ ಸ್ಕೂಟರ್ ನಿಧಾನ ಮಾಡುತ್ತಿದ್ದರು. "ಪ್ರಸನ್ನ ಓದಿದ್ದು ಇಲ್ಲೇ. ಟೆಸ್ಟ್ ಆಡಿ, ವೆಸ್ಟ್ ಇಂಡೀಸಿಗೆ ಹೋಗಿ ಬಂದವನು, ಎಲ್ಲ ಬಿಟ್ಟು ಮೊದಲು ಇಂಜಿನಿಯರಿಂಗ್ ಮುಗಿಸಿದ. ನಿನ್ನದು ಯಾವ ಮಹಾ ಬೌಲಿಂಗ್?" ನಾನು ಆಗ ಕ್ಲಬ್ಬಿನ ಎರಡನೇ ತಂಡದಲ್ಲಿ, ಅದೂ ಯಾರಾದರೂ ಜ್ವರ ಬಂದು ಮಲಗಿದ ದಿನ ಆಡುತ್ತಿದ್ದವನು. ಏನೆಂದು ಉತ್ತರ ಕೊಡಲಿ?

ಅಪ್ಪ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅದು ಅರ್ಧ ಕಥೆ. ಉಳಿದರ್ಧ ನನಗೆ ತಿಳಿದದ್ದು ಬಹಳ ತಡವಾಗಿ.

ಎರಪಳ್ಳಿ ಪ್ರಸನ್ನ ಮೊದಲ ಟೆಸ್ಟ್ ಆಡಿದ್ದು 1962ರ ಜನವರಿಯಲ್ಲಿ, ಮದ್ರಾಸಿನಲ್ಲಿ, ಇಂಗ್ಲೆಂಡ್ ವಿರುದ್ಧ. ಆಗ ವಯಸ್ಸು 21. ಬೆನ್ನಿಗೇ ವೆಸ್ಟ್ ಇಂಡೀಸ್ ಪ್ರವಾಸ. ಅಲ್ಲಿ ಕಿಂಗ್‌ಸ್ಟನ್‌ನಲ್ಲಿ ಒಂದೇ ಒಂದು ಟೆಸ್ಟ್. ನಾಯಕ ನಾರಿ ಕಂಟ್ರಾಕ್ಟರ್ ಅವರ ತಲೆಗೆ ವೇಗದ ಬೌಲರ್ ಗ್ರಿಫಿತ್ ಎಸೆದ ಚೆಂಡು ಬಡಿದದ್ದು ಆ ಪ್ರವಾಸದಲ್ಲೇ. ಅದರಿಂದಾಗಿ ಪಟೌಡಿ 21ನೇ ವಯಸ್ಸಿನಲ್ಲಿ ಭಾರತದ ನಾಯಕರಾದರು. ಅದೇ ವಯಸ್ಸಿನ ಪ್ರಸನ್ನ ಊರಿಗೆ ಬಂದು ಪುಸ್ತಕ ಹಿಡಿದರು. ಮತ್ತೆ ಟೆಸ್ಟ್ ಆಡಿದ್ದು 1967ರ ಜನವರಿಯಲ್ಲಿ, ಅದೇ ಮದ್ರಾಸಿನಲ್ಲಿ.

ಅಪ್ಪ ಹೇಳದೆ ಬಿಟ್ಟ ಲೆಕ್ಕ ಇಲ್ಲಿದೆ. ಆ ವೆಸ್ಟ್ ಇಂಡೀಸ್ ಪ್ರವಾಸ ಮುಗಿದ ಮೇಲೆ 1966ರ ಕೊನೆಯಲ್ಲಿ ಅದೇ ತಂಡ ಇಲ್ಲಿಗೆ ಬರುವವರೆಗೆ ಭಾರತ ಆಡಿದ್ದು ಎಷ್ಟು ಟೆಸ್ಟ್ ಗೊತ್ತೇ? ಇಂಗ್ಲೆಂಡ್ ವಿರುದ್ಧ ಐದು, ಆಸ್ಟ್ರೇಲಿಯಾ ವಿರುದ್ಧ ಮೂರು, ನ್ಯೂಜಿಲೆಂಡ್ ವಿರುದ್ಧ ನಾಲ್ಕು. ಒಟ್ಟು 12. ಎಲ್ಲವೂ ಸ್ವದೇಶದಲ್ಲಿ. 2024ರ ಒಂದೇ ವರ್ಷದಲ್ಲಿ ಭಾರತ 15 ಟೆಸ್ಟ್ ಆಡಿತು. ಅಂದರೆ ಆಗಿನ ಸುಮಾರು ಐದು ವರ್ಷ, ಆಟದ ಲೆಕ್ಕದಲ್ಲಿ ಈಗಿನ ಒಂದು ವರ್ಷಕ್ಕೂ ಸಾಲದು. ಇಂದಿನ ಹುಡುಗನೊಬ್ಬ ಅಷ್ಟೇ ಕಾಲ ಬಿಟ್ಟು ಬಂದರೆ ಅವನ ಜಾಗದಲ್ಲಿ ಆಡಿದವನ ಜಾಗದಲ್ಲೂ ಇನ್ನೊಬ್ಬ ಆಡುತ್ತಿರುತ್ತಾನೆ. ಪ್ರಸನ್ನ ಬಂದರಲ್ಲ, ನೀನೂ ಬರಬಹುದು ಎನ್ನುವುದು ಮಕ್ಕಳಿಗೆ ಮಾಡುವ ಮೋಸ.

ಹಾಗೆಂದು ಅವರಿಗೇನೂ ಯಾರೂ ಕುರ್ಚಿ ಕಾದಿರಿಸಿರಲಿಲ್ಲ. ಅವರು ಹೋಗುವಾಗ ಮುಂದೆ ಪ್ರಸಿದ್ಧರಾದ ಭಾರತದ ನಾಲ್ವರು ಸ್ಪಿನ್ನರುಗಳಲ್ಲಿ ತಂಡದಲ್ಲಿ ಇದ್ದದ್ದು ಅವರೊಬ್ಬರೇ. ಅವರು ಓದುತ್ತಿದ್ದಾಗ 1964ರಲ್ಲಿ ಚಂದ್ರಶೇಖರ್ ಬಂದರು. 1965ರಲ್ಲಿ ವೆಂಕಟರಾಘವನ್ ಬಂದರು. ಅವರೂ ಆಫ್ ಸ್ಪಿನ್ನರ್, ಮೇಲಾಗಿ ಅವರೂ ಇಂಜಿನಿಯರ್! ಪ್ರಸನ್ನ ಮರಳುವ ಹಿಂದಿನ ಟೆಸ್ಟಿನಲ್ಲಿ, ಕಲ್ಕತ್ತಾದಲ್ಲಿ, ಬೇಡಿ. ಮನೆ ಬಿಟ್ಟು ಹೋದವನು ವಾಪಸ್ ಬಂದು ನೋಡಿದರೆ ಪಡಸಾಲೆ ತುಂಬ ನೆಂಟರು. ನಾಲ್ವರೂ ಒಟ್ಟಿಗೆ ಆಡಿದ ಏಕೈಕ ಟೆಸ್ಟ್ ಇಂಗ್ಲೆಂಡಿನಲ್ಲಿ ನಡೆದ 1967ರ ಎಜ್‌ಬಾಸ್ಟನ್ ಟೆಸ್ಟ್. ಅದನ್ನೂ ಸೋತೆವು.

ಆ ಐದು ವರ್ಷ ಅವರನ್ನು ಮಾಗಿಸಿತು ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಜಾಡಿಯಲ್ಲಿ ಹಾಕಿ ಬಟ್ಟೆ ಕಟ್ಟಿಟ್ಟರೆ ಮಾಗುವುದಕ್ಕೆ ಬೌಲಿಂಗ್ ಏನು ಉಪ್ಪಿನಕಾಯಿಯೇ? ಮರಳಿದ ಮೇಲೆ ಅವರು ಮಾಡಿದ್ದು ನೋಡಿ. 1967-68ರಲ್ಲಿ ಆಸ್ಟ್ರೇಲಿಯಾದಲ್ಲಿ ನಾಲ್ಕು ಟೆಸ್ಟಿಗೆ 25 ವಿಕೆಟ್. ಸರಣಿ 4-0 ಸೋತ ತಂಡದ ಸ್ಪಿನ್ನರ್, ಸ್ಪಿನ್ನರುಗಳಿಗೆ ಒಲಿಯದ ನೆಲದಲ್ಲಿ! ಅಲ್ಲಿಂದ ನೇರ ನ್ಯೂಜಿಲೆಂಡಿಗೆ. ನಾಲ್ಕು ಟೆಸ್ಟಿಗೆ 24. ಭಾರತ ಹೊರದೇಶದಲ್ಲಿ ಮೊದಲ ಬಾರಿಗೆ ಸರಣಿ ಗೆದ್ದದ್ದು ಅಲ್ಲೇ, 3-1ರಿಂದ. ನಾಯಕ ಅದೇ ಪಟೌಡಿ. ಮರಳಿ ಮೂರು ವರ್ಷ ತುಂಬುವ ಮೊದಲೇ ಪ್ರಸನ್ನ 100 ವಿಕೆಟ್ ಮುಟ್ಟಿದ್ದರು, ಒಟ್ಟು 20 ಟೆಸ್ಟುಗಳಲ್ಲಿ. ಅತಿ ಕಡಿಮೆ ಟೆಸ್ಟುಗಳಲ್ಲಿ 100 ವಿಕೆಟ್ ಪಡೆದ ಆ ಭಾರತೀಯ ದಾಖಲೆ ಅಶ್ವಿನ್ ಮುರಿಯುವವರೆಗೆ ನಾಲ್ಕು ದಶಕ ನಿಂತಿತ್ತು. (ಅಶ್ವಿನ್ ಕೂಡ ಇಂಜಿನಿಯರ್. ತಂಗಿಗೆ ಇದನ್ನು ಹೇಳಿಲ್ಲ, ದಯವಿಟ್ಟು ನೀವೂ ಹೇಳಬೇಡಿ.)

ಟೆಸ್ಟಿಗೆ ಐದರಂತೆ ವಿಕೆಟ್ ತೆಗೆಯುತ್ತಿದ್ದವರು ಓದಿಗಾಗಿ ಬಿಟ್ಟ ಆ 12 ಟೆಸ್ಟುಗಳಲ್ಲಿ ಅರ್ಧದಷ್ಟೇ ತೆಗೆದಿದ್ದರೂ 30 ಆಗುತ್ತಿತ್ತು. 189ಕ್ಕೆ ನಿಂತ ಅವರ ಲೆಕ್ಕ ಆರಾಮವಾಗಿ ಇನ್ನೂರು ದಾಟುತ್ತಿತ್ತು. ಪದವಿಗೆ ಅವರು ತೆತ್ತ ಬೆಲೆ ಅದು. ಅಪ್ಪನ ಕಥೆಯಲ್ಲಿ ಆ ಬೆಲೆಯ ಚೀಟಿಯೇ ಇರಲಿಲ್ಲ.

ಇಷ್ಟನ್ನೂ ಮೊನ್ನೆ ತಂಗಿಯ ಮನೆಯ ಮಹಡಿಯಲ್ಲಿ ಕೂತು ಹುಡುಗನಿಗೆ ಹೇಳಿದೆ. ಓದು ಬಿಡು ಎನ್ನಲಿಲ್ಲ, ಪ್ರಸನ್ನನಂತೆ ಆಟ ಬಿಟ್ಟು ಬಾ ಎಂದೂ ಎನ್ನಲಿಲ್ಲ. ಅಂಕಿ-ಅಂಶ ಅವನಿಗೆ ಬೇಕಿರಲಿಲ್ಲ. "ಮಾಮ, ಅಷ್ಟು ವಿಕೆಟ್ ಹೇಗೆ ಬಂತು? ಅವರ ಚೆಂಡು ಅಷ್ಟೊಂದು ತಿರುಗುತ್ತಿತ್ತಾ?" ಎಂದ.

ಈ ಪ್ರಶ್ನೆಗೆ ನಾನು ಕಾಯುತ್ತಿದ್ದೆ. ತಿರುಗುವುದಷ್ಟೇ ಅಲ್ಲ, ಬೀಳುತ್ತಿತ್ತು. ಕುಳ್ಳನೆಯ, ದುಂಡನೆಯ ಮನುಷ್ಯ; ಚೆಂಡನ್ನು ಮಾತ್ರ ಬ್ಯಾಟ್ಸ್‌ಮನ್ನಿನ ಕಣ್ಣಿನ ಮಟ್ಟಕ್ಕಿಂತ ಮೇಲೆ ಹಾರಿಸುತ್ತಿದ್ದರು. ಹೊಡೆಯಲು ಸಿಕ್ಕಿತು ಎಂದುಕೊಂಡು ಅವನು ಕ್ರೀಸ್ ಬಿಟ್ಟು ಮುಂದೆ ಬರುತ್ತಾನೆ. ಮುಮ್ಮುಖವಾಗಿ ಗಿರಗಿರನೆ ಸುತ್ತುವ ಚೆಂಡು ಕೊನೆಯ ಗಳಿಗೆಯಲ್ಲಿ ಥಟ್ಟನೆ ಕುಸಿದು, ಅವನು ಎಣಿಸಿದ ಜಾಗಕ್ಕಿಂತ ಒಂದು ಗೇಣು ಮೊದಲೇ ನೆಲ ಮುಟ್ಟುತ್ತದೆ. ಬ್ಯಾಟು ಆಗಲೇ ಹೊರಟಾಗಿದೆ. ಇನ್ನು ಕ್ಯಾಚು, ಇಲ್ಲವೇ ಸ್ಟಂಪಿಂಗು. ಲೈನ್ (ಚೆಂಡು ಸಾಗುವ ದಿಕ್ಕು) ಹೇಗಾದರೂ ಇರಲಿ, ಲೆಂಗ್ತ್ (ಚೆಂಡು ನೆಲ ಮುಟ್ಟುವ ದೂರ) ಮಾತ್ರ ತಪ್ಪಬಾರದು ಎಂಬುದು ಪ್ರಸನ್ನ ಅವರದೇ ಮಾತು.

ಹೇಗೆ ಹಿಡಿಯಬೇಕೆಂದು ತೋರಿಸಲು ಚೆಂಡು ತೆಗೆದುಕೊಂಡೆ. ಐವತ್ತು ದಾಟಿದ ಬೆರಳು ಸೀಮಿನ ಮೇಲೆ ಅಗಲಲೇ ಇಲ್ಲ. ಅವನು ನನ್ನ ಕೈಯಿಂದ ಚೆಂಡು ತೆಗೆದುಕೊಂಡು ತಾನೇ ಹಿಡಿದು, ನೀರಿನ ಟ್ಯಾಂಕಿನ ಕಡೆಗೆ ಎತ್ತರಕ್ಕೆ ಎಸೆದ. ಮೂರನೆಯದೋ ನಾಲ್ಕನೆಯದೋ ಚೆಂಡು ನಿಜವಾಗಿಯೂ ಕುಸಿಯಿತು.

"ಫಿಸಿಕ್ಸ್ ಮುಗಿಯಿತಾ?" ಎಂದು ಕೆಳಗಿನಿಂದ ತಂಗಿ ಕೂಗಿದಳು.

"ಅದೇ ನಡೆಯುತ್ತಿದೆ" ಎಂದೆ.