ಮೂರನೇ ಮಹಡಿಯ ಹೆಗ್ಗಣ

ಎಲ್ಲ ಶುರುವಾಗಿದ್ದು ಗ್ಯಾಸ್ ಸಿಲಿಂಡರಿನ ಹಿಂದಿನಿಂದ. ದೀಪಾವಳಿಗೆ ಅಡುಗೆಮನೆ ತೊಳೆಯಲೆಂದು ಸಿಲಿಂಡರ್ ಸರಿಸಿದ ಹೆಂಡತಿ ‘ಅಯ್ಯಮ್ಮಾ’ ಎಂದು ಕೂಗಿದಳು. ಹಾವೋ ಚೇಳೋ ಎಂದು ಪೊರಕೆ ಹಿಡಿದು ಓಡಿದರೆ, ಯಾವ ಕಾಲದಲ್ಲೋ ಉರುಳಿಹೋಗಿದ್ದ ಆಲೂಗೆಡ್ಡೆಯೊಂದು ಆ ಕತ್ತಲಲ್ಲಿ ಗೇಣುದ್ದದ ಬಿಳಿ ಮೊಳಕೆಗಳನ್ನು ನಾಲ್ಕೂ ಕಡೆ ಚಾಚಿಕೊಂಡು ಕೂತಿತ್ತು. ಮೈಯೆಲ್ಲ ಸುಕ್ಕು. ಆದರೂ ಛಲ ಬಿಟ್ಟಿರಲಿಲ್ಲ.

‘ಬಿಸಾಡಬೇಡ, ಜೀವ ಇದೆ’ ಎಂದೆ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ನಾನು ಕೃಷಿಕನಾದ ಗಳಿಗೆ ಅದು.

ಅವತ್ತು ರಾತ್ರಿ ಮೊಬೈಲಿನಲ್ಲಿ ಒಂದಾದ ಮೇಲೊಂದು ವಿಡಿಯೊ ನೋಡಿದೆ. ಚೀಲದಲ್ಲಿ ಕಾಲುಭಾಗ ಮಣ್ಣು ಹಾಕಿ ಗೆಡ್ಡೆ ಇಡುವುದು, ಗಿಡ ಬೆಳೆದಂತೆ ಬುಡಕ್ಕೆ ಮಣ್ಣು ಏರಿಸುತ್ತಾ ಹೋಗುವುದು, ಏರಿಸಿದಷ್ಟೂ ಮಹಡಿ ಮೇಲೆ ಮಹಡಿಯಂತೆ ಗೆಡ್ಡೆ ಕಟ್ಟುತ್ತದಂತೆ. ನಾಲ್ಕು ಚದರಡಿಯಲ್ಲಿ 45 ಕೆಜಿ ಎಂದ ಒಬ್ಬ ಗಡ್ಡದವನು. ಬಿಲ್ಡರುಗಳು ನಮಗೆ ಮನೆ ಮಾರಿದ್ದೂ ಇದೇ ಲೆಕ್ಕದಲ್ಲೇ ಅಲ್ಲವೇ ಎಂದು ನಂಬಿದೆ. ಯುಟಿಲಿಟಿ ಬಾಲ್ಕನಿಯಲ್ಲಿ ವಾಷಿಂಗ್ ಮಷೀನ್ ಬಿಟ್ಟು ಉಳಿಯುವುದು ಹೆಚ್ಚುಕಡಿಮೆ ಆರು ಚದರಡಿ. ‘ಇನ್ನು ಮೇಲೆ ತರಕಾರಿಯವನ ಹತ್ತಿರ ಆಲೂಗೆಡ್ಡೆ ಕೊಳ್ಳಬೇಡ’ ಎಂದು ಹೆಂಡತಿಗೆ ಮಲಗುವ ಮುಂಚೆಯೇ ಹೇಳಿಬಿಟ್ಟೆ.

ಸೋನಾಮಸೂರಿಯ 25 ಕೆಜಿ ಚೀಲ ಎರಡು ಸಿಕ್ಕವು. ಕೆಂಪು ಮಣ್ಣು, ತೆಂಗಿನನಾರಿನ ಪುಡಿ, ಎರೆಗೊಬ್ಬರ, ಬೇವಿನಹಿಂಡಿ, ಎಲ್ಲ ಕಲೆಸಿ ತುಂಬಿದೆ. ಸಿಲಿಂಡರ್ ಗೆಡ್ಡೆಯನ್ನು ಕತ್ತರಿಸಿ, ಹಸಿಹಸಿಯಾಗಿಯೇ ಹೂತು, ಹೊತ್ತಿಗೊಂದು ಚೊಂಬಿನಂತೆ ನೀರು ಕೊಟ್ಟೆ. ಹತ್ತನೇ ದಿನ ಚೀಲದಿಂದ ಬಂದ ವಾಸನೆಗೆ ಪಕ್ಕದ ಮನೆಯವರು ಬಂದು, ‘ನಿಮ್ಮನೇಲಿ ಏನಾದ್ರೂ ಸತ್ತಿದೆಯಾ ನೋಡಿ’ ಎಂದರು. ಸತ್ತಿತ್ತು.

ಇದೇ ಹೊತ್ತಿಗೆ ಅತ್ತೆಯವರು ಮಂಡಿನೋವಿಗೆ ತೋರಿಸಲು ಅರಕಲಗೂಡು ಕಡೆಯಿಂದ ಬಂದರು. ಬಂದವರು ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದದ್ದನ್ನು, ಊರಿಗೆ ಹೋಗಬೇಡಿ ಎಂದು ಅರ್ಥ ಮಾಡಿಕೊಂಡು ನಾಲ್ಕು ತಿಂಗಳು ಉಳಿದರು. ಹಾಸನ ಸೀಮೆಯೆಂದರೆ ಗೊತ್ತಲ್ಲ, ಆಲೂಗೆಡ್ಡೆಯ ನೆಲ. ಮೇ ತಿಂಗಳಲ್ಲಿ ಜಲಂಧರದಿಂದ ಲಾರಿಗಟ್ಟಲೆ ಬಿತ್ತನೆ ಬಂದು ಹಾಸನದ ಮಾರುಕಟ್ಟೆಯಲ್ಲಿ ಇಳಿಯುತ್ತದೆ. ರೈತರು ಮಳೆ ನೋಡಿಕೊಂಡು ಕೊಂಡೊಯ್ದು ಬಿತ್ತುತ್ತಾರೆ. ಅತ್ತೆ ಮದುವೆಯಾಗಿ ಬಂದ ವರ್ಷದಿಂದ ಎಕರೆಗಟ್ಟಲೆ ಬೆಳೆದವರು. ಅಂಗಮಾರಿ ರೋಗ ಬಿದ್ದ ಮೇಲೆ ಅವರ ಊರಲ್ಲೂ ಸುಮಾರು ಜನ ಮುಸುಕಿನ ಜೋಳಕ್ಕೆ, ಶುಂಠಿಗೆ ತಿರುಗಿಕೊಂಡರು. ಅತ್ತೆ ಮಾತ್ರ ಇನ್ನೂ ಅರ್ಧ ಎಕರೆ ಬಿಟ್ಟುಕೊಟ್ಟಿಲ್ಲ.

ಅಂಥವರಿಗೆ ನಾನು ಪಾಠ ಮಾಡಿದೆ. ‘ಆಲೂಗೆಡ್ಡೆ ಬೇರಲ್ಲ ಅತ್ತೆ, ಅದು ಕಾಂಡ. ಅದರ ಕಣ್ಣುಗಳೇ ಮೊಗ್ಗು.’

‘ಹೌದಾ’ ಎಂದರು. ‘ಸಾರಿಗೆ ಹಾಕಿದ್ರೆ ಎರಡೂ ಒಂದೇ ಬಿಡಿ.’

ಆಮೇಲೆ ಚೀಲದೊಳಗೆ ಬೆರಳು ಹಾಕಿ, ಮೂಸಿ, ಒಂದೇ ಮಾತಲ್ಲಿ ಮರಣೋತ್ತರ ಪರೀಕ್ಷೆ ಮುಗಿಸಿದರು. ಕುಯ್ದ ಗೆಡ್ಡೆಯ ಗಾಯ ಎರಡು ದಿನ ಆರಬೇಕು. ಹೋಳಿಗೆ ಎರಡು ಮೂರು ಕಣ್ಣಾದರೂ ಇರಬೇಕು. ಕತ್ತಲಲ್ಲಿ ಬಂದ ಬಿಳಿ ಮೊಳಕೆ ಬಾಣಂತಿ ಹಾಗೆ, ಗಾಳಿ ತಾಗಿದರೂ ಕೂತುಬಿಡುತ್ತದೆ. ಮೊಳಕೆ ಗಿಡ್ಡಗೆ, ದಪ್ಪಗೆ, ಕಪ್ಪಗೆ ಇರಬೇಕು. ‘ನಾನು ಜ್ಯೋತಿ ತಂದಿದೀನಿ, ಅದನ್ನ ಹಾಕುವ’ ಎಂದರು. ನಾನು ಯಾರೋ ನೆಂಟರ ಹುಡುಗಿ ಹಿಂದೆ ನಿಂತಿದ್ದಾಳೇನೋ ಎಂದು ಬಾಗಿಲ ಕಡೆ ನೋಡಿದೆ. ಜ್ಯೋತಿ ಇದ್ದದ್ದು ಅವರ ಬ್ಯಾಗಿನ ತಳದಲ್ಲಿ, ಹಳೇ ಟವೆಲಿನಲ್ಲಿ ಸುತ್ತಿಕೊಂಡು. ಪೂರ್ತಿ ಹೆಸರು ಕುಫ್ರಿ ಜ್ಯೋತಿ. ಶಿಮ್ಲಾ ಹತ್ತಿರದ ಕುಫ್ರಿ ಎಂಬ ಗುಡ್ಡದೂರೇ ಅವಳ ಮನೆತನದ ಹೆಸರು. 1968ರಲ್ಲಿ ಬಿಡುಗಡೆಯಾದ ತಳಿ, ಅಂದರೆ ನನಗಿಂತ ಹಿರಿಯಳು. ಅತ್ತೆ ಸೆಪ್ಟೆಂಬರಿನಲ್ಲಿ ಕಿತ್ತ ಬೆಳೆಯಿಂದ ಎಂಟು ಗೆಡ್ಡೆ ಎತ್ತಿಟ್ಟು, ಅಳಿಯನ ಮನೆಯಲ್ಲಿ ಹುಳಿಗಾಗಲಿ ಎಂದು ತಂದಿದ್ದರು. ಅವುಗಳ ನಿದ್ದೆ ಅಷ್ಟರಲ್ಲಿ ಮುಗಿದು ಕಣ್ಣು ಬಿಟ್ಟಿದ್ದವು.

ಜ್ಯೋತಿ ಹದಿನೈದು ದಿನಕ್ಕೆ ತಲೆ ಎತ್ತಿದಳು. ಅಲ್ಲಿಂದ ಮುಂದೆ ನನ್ನ ತಲೆ ನಿಲ್ಲಲಿಲ್ಲ. ಆಫೀಸಿನ ಗ್ರೂಪಿಗೆ ದಿನಾ ಒಂದು ಫೋಟೊ. ಗೆಡ್ಡೆ ಕಟ್ಟಲು ರಾತ್ರಿಯ ತಾಪ 20 ಡಿಗ್ರಿಗಿಂತ ಕೆಳಗಿದ್ದರೆ ಒಳ್ಳೆಯದು ಎಂದು ಓದಿದ್ದರಿಂದ, ಡಿಸೆಂಬರಿನ ಚಳಿಗೆ ಎಲ್ಲರೂ ಬೈದುಕೊಂಡು ಸ್ವೆಟರ್ ಹಾಕಿಕೊಂಡರೆ ನಾನು ಬಾಲ್ಕನಿ ಬಾಗಿಲು ತೆರೆದಿಟ್ಟು ‘ಆಹಾ’ ಎನ್ನುತ್ತಿದ್ದೆ. ಜೀವಾಮೃತ ಮಾಡಲು ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಕಲೆಸಿದ ಬಕೆಟ್ಟನ್ನು ಒಮ್ಮೆ ಲಿಫ್ಟಿನಲ್ಲಿ ತಂದೆ. ಒಂದೇ ಸಲ. ಆಮೇಲೆ ಸಂಘದವರು ಲಿಫ್ಟಿನೊಳಗೆ ಹೊಸ ನೋಟೀಸು ಅಂಟಿಸಿದರು. ಅದರಲ್ಲಿ ನನ್ನ ಹೆಸರಿರಲಿಲ್ಲ, ಫ್ಲ್ಯಾಟ್ ನಂಬರ್ ಇತ್ತು.

ಗೊಬ್ಬರ ಹೆಚ್ಚಾಗಿ ಗಿಡ ಸೊಕ್ಕಿತು. ಎಲೆಯೋ ಎಲೆ. ಕೆಲಸದವಳು ‘ಈ ಸೊಪ್ಪಿನ ಮಸ್ಸೊಪ್ಪು ಚೆನ್ನಾಗಾಗುತ್ತಾ?’ ಎಂದು ಕೇಳಿದಾಗ ಎದೆ ಧಸಕ್ಕೆಂದಿತು. ಅದು ವಿಷ ಕಣಮ್ಮಾ, ಗೆಡ್ಡೆಗೇ ಬಿಸಿಲು ತಾಗಿ ಹಸಿರಾದರೆ ತಿನ್ನಬಾರದು, ಇನ್ನು ಸೊಪ್ಪೇ! ಅತ್ತೆ ದೂರದಿಂದಲೇ ನೋಡಿ, ‘ಮೇಲೆ ಇಷ್ಟು ಜೋರಾದ್ರೆ ಕೆಳಗೆ ಏನೂ ಇರಲ್ಲ’ ಎಂದರು. ಗಿಡದ ವಿಷಯವೇ ಇರಬೇಕು ಎಂದುಕೊಂಡೆ.

ಒಂದು ಭಾನುವಾರ ನಾನು ಎರಡೂ ಚೀಲಕ್ಕೆ ಮನಸಾರೆ ನೀರುಣಿಸಿದೆ. ಎರಡನೇ ಮಹಡಿಯವರು ಅಂದು ಅಯ್ಯಪ್ಪನ ಪೂಜೆಗೆಂದು ಆರು ಬಿಳಿ ಪಂಚೆ ಒಣಹಾಕಿದ್ದರು. ಹೆಚ್ಚು ವಿವರಿಸುವುದಿಲ್ಲ. ಪಂಚೆಗಳಿಗೆ ಬಂದ ಕಾವಿ ಬಣ್ಣ ಸಂದರ್ಭಕ್ಕೆ ಒಪ್ಪುವಂತೆಯೇ ಇತ್ತು ಎಂದು ನಾನು ಹೇಳಿದ್ದು ಅವರಿಗೆ ರುಚಿಸಲಿಲ್ಲ.

ಆಲೂಗೆಡ್ಡೆಯ ಕಷ್ಟವೇನೆಂದರೆ, ಏನಾಗುತ್ತಿದೆ ಎಂದೇ ಕಾಣುವುದಿಲ್ಲ. ಟೊಮೇಟೊ ಆದರೆ ಕಾಯಿ ಬಿಟ್ಟಿತು, ಕೆಂಪಾಯಿತು ಎಂದು ದಿನಾ ಸುದ್ದಿ ಕೊಡುತ್ತದೆ. ಇದು ಸರ್ಕಾರಿ ಕಡತದ ಥರ, ಒಳಗೇ ಇರುತ್ತದೆ. ನಾನು ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಚೀಲದ ಬದಿಯಿಂದ ಬೆರಳು ತೂರಿಸಿ ತಡಕುತ್ತಿದ್ದೆ. ‘ಬಸುರಿ ಹೊಟ್ಟೆ ಕುಯ್ದು ಮಗು ದಪ್ಪ ಆಯ್ತಾ ಅಂತ ನೋಡ್ತಾರೇನ್ರೀ’ ಎಂದು ಅತ್ತೆ ಬೈದರು. ಆದರೂ ಹೊಸ ವರ್ಷದ ಹೊತ್ತಿಗೆ ಬೆರಳಿಗೆ ಸಿಕ್ಕಿತು. ದುಂಡಗೆ, ತಣ್ಣಗೆ, ನಿಂಬೆಹಣ್ಣಿನ ಗಾತ್ರ. ಅದರ ಪಕ್ಕ ಇನ್ನೊಂದು. ಆಚೆ ಚೀಲದಲ್ಲಿ ಮೂರು. ಅವತ್ತು ಆಫೀಸಿನಲ್ಲಿ ಸಹೋದ್ಯೋಗಿಗಳಿಗೆಲ್ಲ ಫೆಬ್ರವರಿಯಲ್ಲಿ ಅರ್ಧರ್ಧ ಕೆಜಿ ಕೊಡುವುದಾಗಿ ಮಾತು ಕೊಟ್ಟೆ.

ನಾಲ್ಕು ದಿನ ಬಿಟ್ಟು ತಡಕಿದರೆ ನಿಂಬೆಹಣ್ಣಿಲ್ಲ.

ಅದರ ಪಕ್ಕದ್ದೂ ಇಲ್ಲ. ಗಿಡ ಮಾತ್ರ ಏನೂ ಆಗದಂತೆ ನಿಂತಿದೆ, ಬುಡದ ಮಣ್ಣು ನೀಟಾಗಿ ಸವರಿದಂತಿದೆ. ಇದು ಹೆಗ್ಗಣದ ಕೆಲಸ ಎಂದು ತೀರ್ಮಾನಿಸಿದೆ. ರಾತ್ರಿ ಕೂತು ಹೆಗ್ಗಣದ ಬಗ್ಗೆ ಓದಿದೆ. ಇಂಗ್ಲಿಷಿನವರು ಅದನ್ನು ಬ್ಯಾಂಡಿಕೂಟ್ ಎನ್ನುತ್ತಾರಲ್ಲ, ಅದು ತೆಲುಗಿನ ‘ಪಂದಿಕೊಕ್ಕು’, ಹಂದಿಯಂಥ ಇಲಿ. ಆ ಹೆಸರನ್ನು ಅವರು ಆಸ್ಟ್ರೇಲಿಯಾಕ್ಕೂ ಹೊತ್ತೊಯ್ದು, ಅಲ್ಲಿನ ಸಂಬಂಧವೇ ಇಲ್ಲದ ಒಂದು ಹೊಟ್ಟೆಚೀಲದ ಪ್ರಾಣಿಗೆ ಅಂಟಿಸಿದರು. ಅಲ್ಲಿ ಈಗ ಬ್ಯಾಂಡಿಕೂಟ್ ಎಂಬುದು ಕ್ರಿಯಾಪದವೂ ಹೌದು. ಅರ್ಥ: ಗಿಡಕ್ಕೆ ಗೊತ್ತಾಗದಂತೆ ಬುಡದಿಂದ ಆಲೂಗೆಡ್ಡೆ ಕದಿಯುವುದು! ಈ ಕಳ್ಳತನಕ್ಕೆಂದೇ ಭಾಷೆಯಲ್ಲೊಂದು ಪದವಿದೆ ಎಂದರೆ ನನ್ನ ಅನುಮಾನ ಸರಿಯೇ ಎಂದು ಖುಷಿಯಾಯಿತು. ಊಟದ ಹೊತ್ತಿಗೆ ಎಲ್ಲರಿಗೂ ಹೇಳಿದೆ. ಮಗಳು ಕೆಮ್ಮಿದಳು. ಅತ್ತೆ ಅವಳ ತಲೆ ತಟ್ಟಿ ನೀರು ಕುಡಿಸಿದರು.

ವಾಚ್‌ಮನ್ ಹತ್ತಿರ ಇಲಿಬೋನು ಕೇಳಿದೆ. ಅವನು ಯೋಚಿಸಿ, ‘ಸಾರ್, ಮೂರನೇ ಫ್ಲೋರಿಗೆ ಹೆಗ್ಗಣ ಲಿಫ್ಟಲ್ಲಿ ಬರುತ್ತಾ?’ ಎಂದ. ಅವನಿಗೆ ಪೈಪುಗಳ ಬಗ್ಗೆ ವಿವರಿಸಬೇಕಾಯಿತು. ಬೋನಿಗೆ ಮಸಾಲೆವಡೆ ಕಟ್ಟಿದೆ. ಬೆಳಿಗ್ಗೆ ಬೋನು ತೆರೆದೇ ಇತ್ತು, ವಡೆ ಇರಲಿಲ್ಲ. (ಅದು ಯಾರೆಂದು ನನಗೆ ಇವತ್ತಿಗೂ ಖಚಿತವಿಲ್ಲ. ಅನುಮಾನ ಮಗಳ ಮೇಲಿದೆ.) ಮರುದಿನ ಪತ್ತೇದಾರಿಕೆಗೆ ಇಳಿದೆ. ಎಲ್ಲರೂ ಮಲಗಿದ ಮೇಲೆ ಹೆಜ್ಜೆಗುರುತು ಬೀಳಲೆಂದು ಚೀಲದ ಸುತ್ತ ರಂಗೋಲಿಪುಡಿ ಉದುರಿಸಿದೆ. ಬೆಳಿಗ್ಗೆ ಆರಕ್ಕೆ ಎದ್ದು ಟಾರ್ಚ್ ಹಿಡಿದು ನೋಡುತ್ತೇನೆ, ಹೆಜ್ಜೆಯೂ ಇಲ್ಲ, ಗುರುತೂ ಇಲ್ಲ, ಎರಡು ಚೀಲದ ನಡುವೆ ಏಳು ಚುಕ್ಕಿಯ ಅಂದವಾದ ರಂಗೋಲಿ. ‘ಯಾರೋ ಪುಡಿ ಚೆಲ್ಲಿದ್ರು, ದಂಡ ಯಾಕೆ ಅಂತ ಒಂದೆಳೆ ಎಳೆದೆ’ ಎಂದರು ಅತ್ತೆ.

ಆ ತಿಂಗಳು ನನಗೆ ಹಾಲಿನವನ ಜತೆಗೂ ಜಗಳವಾಯಿತು. ಕ್ಯಾಲೆಂಡರಿನಲ್ಲಿ ಐದಾರು ದಿನಗಳ ಮೇಲೆ ಪೆನ್ಸಿಲಿನಲ್ಲಿ ಸೊನ್ನೆ ಬರೆದಿತ್ತು. ಕೆಲವು ದಿನ ಒಂದಲ್ಲ, ಆರಾರು ಸೊನ್ನೆ. ಹಾಲು ಬಾರದ ದಿನವನ್ನು ಮಗಳು ಸಿಟ್ಟಿನಿಂದ ಒತ್ತಿ ಒತ್ತಿ ಬರೆದಿದ್ದಾಳೆ ಎಂದುಕೊಂಡು ಅಷ್ಟೂ ದಿನದ ದುಡ್ಡು ಮುರಿದುಕೊಂಡು ಕೊಟ್ಟೆ. ಅವನು ಮೂವತ್ತು ದಿನವೂ ಹಾಕಿದ್ದೇನೆಂದು ತಿರುಪತಿ ತಿಮ್ಮಪ್ಪನ ಮೇಲೆ ಆಣೆ ಇಟ್ಟ. ನಾನು ಕ್ಯಾಲೆಂಡರ್ ತೋರಿಸಿದೆ.

ಅತ್ತೆ ಇದ್ದದ್ದರಿಂದ ಊಟಕ್ಕೇನೂ ಕೊರತೆಯಿರಲಿಲ್ಲ. ಅವರೆಕಾಯಿ ಕಾಲ ಬೇರೆ. ಹಿತಕಿದ ಬೇಳೆ ಹುಳಿಗೆ ಆಲೂಗೆಡ್ಡೆ, ಸಂಕ್ರಾಂತಿಗೆ ಪೂರಿ ಪಲ್ಯ, ಒಂದು ಶನಿವಾರ ಸಂಜೆ ಬೋಂಡಾ. ತಿನ್ನುವಾಗಲೆಲ್ಲ ನಾನೊಂದು ಮಾತು ಹೇಳದೆ ಬಿಡಲಿಲ್ಲ. ‘ಮಾಡೋದೇನೋ ಚೆನ್ನಾಗಿದೆ ಅತ್ತೆ, ಆದರೆ ಈ ಅಂಗಡಿ ಗೆಡ್ಡೆಗೆ ರುಚಿಯೇ ಇಲ್ಲ. ನೀರು ನೀರು. ಕೋಲ್ಡ್ ಸ್ಟೋರೇಜಿನಲ್ಲಿ ಎಷ್ಟು ವರ್ಷ ಇಟ್ಟಿದ್ದರೋ. ನಮ್ಮ ಜ್ಯೋತಿ ಬರಲಿ, ಆಲೂಗೆಡ್ಡೆ ಅಂದರೇನು ಅಂತ ತೋರಿಸ್ತೀನಿ.’

‘ಆಗಲಿ ಅಳಿಯಂದ್ರೇ’ ಎಂದು ಅತ್ತೆ ಇನ್ನೆರಡು ಬೋಂಡಾ ಹಾಕುತ್ತಿದ್ದರು.

ಫೆಬ್ರವರಿ ಮಧ್ಯಕ್ಕೆ ಎಲೆ ಹಳದಿಯಾಗಿ ಗಿಡ ಒರಗಿತು. ಕೊಯ್ಲಿಗೆ ಷಡ್ಡಕನ ಸಂಸಾರವನ್ನು ಕರೆದಿದ್ದೆ. ಅವನಿಗೆ ಹೊಟ್ಟೆಕಿಚ್ಚಾಗಲಿ ಎಂಬುದು ಬಿಟ್ಟರೆ ಬೇರೆ ಉದ್ದೇಶವಿರಲಿಲ್ಲ. ನಡುಮನೆಯಲ್ಲಿ ಹಳೇ ಪೇಪರ್ ಹಾಸಿ, ಮೊಬೈಲನ್ನು ವಿಡಿಯೊಗೆ ನಿಲ್ಲಿಸಿ, ಮೊದಲ ಚೀಲ ಬೋರಲು ಹಾಕಿದೆ. ಮಣ್ಣು ಬಿತ್ತು. ಇನ್ನಷ್ಟು ಮಣ್ಣು ಬಿತ್ತು. ಮಹಡಿ ಮಹಡಿಯಾಗಿ ಕಟ್ಟಬೇಕಿದ್ದ ಜಾಗದಲ್ಲಿ ಬರೀ ನಾರು. ತಳದಲ್ಲಿ ಗೋಲಿಯಷ್ಟು ನಾಲ್ಕು. ಎರಡನೇ ಚೀಲದಲ್ಲಿ ಐದು, ಅದರಲ್ಲೊಂದು ನಾನು ತಡಕಿ ತಡಕಿ ಬಿಸಿಲು ಕಂಡು ಹಸಿರಾದದ್ದು. ಷಡ್ಡಕ ಬಹಳ ಗಂಭೀರವಾಗಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ‘ಇದನ್ನ ಲಗ್ಗೆ ಹಾಕಿ ಆಡಬಹುದು’ ಎಂದ.

‘ಎಲ್ಲ ಆ ದರಿದ್ರ ಹೆಗ್ಗಣ’ ಎಂದು ನಾನು ಹಲ್ಲು ಕಡಿದೆ.

ಹೆಂಡತಿ ಗೋಡೆ ನೋಡಿದಳು. ಮಗಳು ಅಜ್ಜಿಯನ್ನು ನೋಡಿದಳು. ಅತ್ತೆ ಸೆರಗಿನಿಂದ ಗೋಲಿಗಳ ಮಣ್ಣು ಒರೆಸುತ್ತಾ, ‘ಇನ್ನೆಲ್ಲಿಂದ ಬರ್ತವೆ? ತಿಂದಾಯ್ತಲ್ಲ’ ಎಂದರು.

‘ಯಾರು?’

‘ಎಲ್ಲಾರೂ. ನೀವು ಸ್ವಲ್ಪ ಜಾಸ್ತಿ.’

ನನಗೆ ಒಂದೊಂದಾಗಿ ಹುಳಿ, ಪೂರಿ, ಬೋಂಡಾ ನೆನಪಾಗತೊಡಗಿದವು. ನೀರು ನೀರು ಎಂದದ್ದೂ ನೆನಪಾಯಿತು. ತರಕಾರಿಯವನ ಹತ್ತಿರ ಆಲೂಗೆಡ್ಡೆ ಕೊಳ್ಳಬೇಡ ಎಂದು ದೀಪಾವಳಿಯಲ್ಲಿ ಹೇಳಿದವನು ನಾನೇ ಅಲ್ಲವೇ ಎಂದು ಹೆಂಡತಿ ಮೆಲ್ಲಗೆ ನೆನಪಿಸಿದಳು. ಅವಳು ಅವತ್ತಿನಿಂದ ಒಂದು ಗೆಡ್ಡೆಯನ್ನೂ ಕೊಂಡಿರಲಿಲ್ಲವಂತೆ. ಬೇರೆಯವರ ಎಲೆಯ ನೊಣ ಹುಡುಕುವವನ ಎಲೆಯಲ್ಲೇ ಹೆಗ್ಗಣ ಬಿದ್ದಿರುತ್ತದೆ ಎನ್ನುತ್ತಾರಲ್ಲ, ನನ್ನ ಎಲೆಯಲ್ಲಿ ಬಿದ್ದದ್ದು ಹೆಗ್ಗಣದ ಇಡೀ ವರ್ಷದ ಕಂದಾಯ.

‘ಆದರೆ ಹೇಳಬಾರದಿತ್ತಾ ಅತ್ತೆ?’

‘ನೀವೇ ಹೇಳಿದ್ರಲ್ಲ, ಹೆಗ್ಗಣ ತಿಂತಾ ಇದೆ ಅಂತ. ಅದು ತಿನ್ನೋಕೆ ಮುಂಚೆ ನಾವೇ ತೆಗೆಯೋದು ವಾಸಿ ಅಲ್ವಾ? ನೀವು ಹಾಗಂದ ಮೇಲೆ ಸ್ವಲ್ಪ ಬೇಗ ಬೇಗ ತೆಗೆದೆ.’

ಇದಕ್ಕೆ ಉತ್ತರವಿದ್ದವರು ಹೇಳಬಹುದು. ಷಡ್ಡಕ ವಿಡಿಯೊ ಇನ್ನೂ ಓಡುತ್ತಿದೆ ಎಂದು ನೆನಪಿಸಿದ.

ಒಟ್ಟು ಎಷ್ಟಿದ್ದವು ಎಂದು ನಾನು ಸೋತ ದನಿಯಲ್ಲಿ ಕೇಳಿದಾಗ ಮಗಳು ಓಡಿಹೋಗಿ ಕ್ಯಾಲೆಂಡರ್ ತಂದಳು. ಅಜ್ಜಿ ತೆಗೆದ ಒಂದೊಂದು ಗೆಡ್ಡೆಗೂ ಒಂದೊಂದು ದುಂಡನೆಯ ಚಿತ್ರ ಬರೆದಿದ್ದಳು. ಸಂಕ್ರಾಂತಿಯ ದಿನ ಆರು. ಎಣಿಸಿದರೆ ಮೂವತ್ತೇಳು. ಮರುದಿನ ಬೆಳಿಗ್ಗೆ ಐದೂವರೆಗೇ ಬಾಗಿಲಲ್ಲಿ ಕಾದು ನಿಂತು ಹಾಲಿನವನ ಬಾಕಿ ಕೊಟ್ಟೆ. ಅವನು ತಿಮ್ಮಪ್ಪನಿಗೆ ಹರಕೆ ಹೊತ್ತಿದ್ದನಂತೆ.

ಮುಂದಿನ ವಾರ ಅತ್ತೆ ಊರಿಗೆ ಹೊರಟರು. ಒಂಬತ್ತು ಗೋಲಿಗಳಲ್ಲಿ ಹಸಿರಾದದ್ದನ್ನು ಬಿಸಾಡಿ, ಉಳಿದ ಎಂಟನ್ನು ಹಳೇ ಟವೆಲಿನಲ್ಲಿ ಸುತ್ತಿ ನಮ್ಮ ಸಿಲಿಂಡರ್ ಹಿಂದೆ ಇಟ್ಟು, ಕತ್ತಲಲ್ಲಿ ಇಡಬೇಡಿ ಎಂದು ತಾವೇ ಹೇಳಿದ್ದು ನೆನಪಾಗಿ, ಎತ್ತಿ ಕಿಟಕಿ ಹತ್ತಿರ ಇಟ್ಟರು. ಅವರನ್ನು ಮೆಜೆಸ್ಟಿಕ್‌ಗೆ ಬಿಟ್ಟು ಬಂದು ಗೇಟಿನಲ್ಲಿ ಸ್ಕೂಟರ್ ನಿಲ್ಲಿಸುತ್ತಿದ್ದಂತೆ ವಾಚ್‌ಮನ್ ಬೋನು ವಾಪಸು ಕೇಳಿದ.

‘ಹೆಗ್ಗಣ ಸಿಕ್ತಾ ಸಾರ್?’

‘ಸಿಕ್ತಪ್ಪ.’

‘ಏನು ಮಾಡಿದ್ರಿ?’

‘ಕಿಟಕಿ ಪಕ್ಕದ ಸೀಟು ಹಿಡಿದು, ಹಾಸನದ ಬಸ್ ಹತ್ತಿಸಿ ಬಂದೆ.’