ಪ್ರಚಾರ ಸಿಗುತ್ತೆ, ನುಡಿಸಿ ಹೋಗಿ
ಕಾರವಾರದಲ್ಲಿ ರಾಕ್ ಬ್ಯಾಂಡ್ ಕಟ್ಟಿದವರಿಗೆ ಒಂದು ಮಾತು ಕೇಳಿ ಕೇಳಿ ಸಾಕಾಗಿದೆ: 'ದುಡ್ಡು ಕೊಡೋಕಾಗಲ್ಲ, ಆದರೆ ಒಳ್ಳೆ ಪ್ರಚಾರ ಸಿಗುತ್ತೆ.' ಶಾಮಿಯಾನದವನಿಗೆ ಅಡ್ವಾನ್ಸ್, ಜನರೇಟರ್‌ನವನಿಗೂ ಅಡ್ವಾನ್ಸ್, ನಮಗೆ ಮಾತ್ರ ಒಂದು ಪ್ಲೇಟ್ ಪಲಾವ್. ಈ ಕಡಲ ಗಾಳಿಗೆ ಗಿಟಾರ್ ತಂತಿ ಬೇಗ ತುಕ್ಕು ಹಿಡಿಯುತ್ತೆ, ಬೆರಳು ಎಳೆದರೆ ಕಂದು ಪುಡಿ ಅಂಟುತ್ತೆ, ಹೊಸ ಸೆಟ್ ತರಿಸೋದು ನಮ್ಮ ಜೇಬಿಂದಲೇ ಅಲ್ವಾ?

ಇನ್ನು ಟೈಮಿನ ಕಥೆ. ಏಳಕ್ಕೆ ಅಂತ ಕರೆದು, ಭಾಷಣ, ಹಾರ, ಸನ್ಮಾನ ಎಲ್ಲ ಮುಗಿಸಿ ಒಂಬತ್ತೂವರೆಗೆ ವೇದಿಕೆ ಬಿಟ್ಟುಕೊಡುತ್ತಾರೆ. ರಾತ್ರಿ 10ಕ್ಕೆ ಮೈಕ್ ಬಂದ್ ಆಗಬೇಕು ಅಂತ 2000ದಿಂದಲೂ ನಿಯಮ ಇದೆ, ಭಾಷಣ ಕೊರೆಯುವಾಗ ಅದು ಯಾರಿಗೂ ನೆನಪಿರಲ್ಲ, ನಮ್ಮ ಎರಡನೇ ಹಾಡಿಗೆ ಸರಿಯಾಗಿ ನೆನಪಾಗುತ್ತೆ. ನಡುವೆ 'ಒಂದು ಸಿನಿಮಾ ಹಾಡು ಹೊಡೀರಿ' ಬೇರೆ. ಕೊಂಕಣಿ, ಕನ್ನಡ ಬೆರೆಸಿ ನಾವೇ ಬರೆದ ಹಾಡು ಯಾರಿಗೂ ಬೇಡ. ಅದೇ ಬೆಂಗಳೂರಿಂದ ಬ್ಯಾಂಡ್ ಬಂದರೆ ರೂಮು, ಕಾರು, ಕವರು ಎಲ್ಲ ರೆಡಿ!

ನಮ್ಮ ಡ್ರಮ್ಮರ್ ಈಗ ಕಾಳಿ ಸೇತುವೆ ದಾಟಿ ಗೋವಾ ಕಡೆ ನುಡಿಸುತ್ತಾನೆ. ಅಲ್ಲಿ ಅದೇ ರಾತ್ರಿ ದುಡ್ಡು ಎಣಿಸಿ ಕೊಡುತ್ತಾರಂತೆ. ನಮಗೆ ಮೊನ್ನೆ ಮತ್ತೆ ಫೋನ್ ಬಂತು. ಈ ಸಲ ಸ್ಪೀಕರ್ ಕೂಡ ನೀವೇ ತನ್ನಿ ಅಂದರು.