ಮಾವನವರ ಬಾತು ಶಿಕಾರಿ

ಪುಣೆಯ ಸುತ್ತ ಕಾಡುಬಾತು ಹೊಡೆಯಲು ಕಾನೂನು ಒಪ್ಪುವ ಆಯುಧ ಒಂದೇ, ಕ್ಯಾಮೆರಾ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ಕೊಲ್ಲುವುದಿರಲಿ, ಬಲೆ ಹಾಕಿದರೂ ಶಿಕಾರಿ, ಗೂಡಿನ ಮೊಟ್ಟೆ ಕೆದಕಿದರೂ ಶಿಕಾರಿ. ಧಾರವಾಡದಿಂದ ಬಂದಿದ್ದ ಮಾವನವರಿಗೆ ಇದನ್ನೆಲ್ಲ ವಿವರಿಸಿದೆ. “ಬಂದೂಕಿಲ್ಲದ ಶಿಕಾರಿ ಅಂದ್ರ ಖಾರ ಇಲ್ಲದ ಗಿರಮಿಟ್ಟು, ಅಳಿಯಂದ್ರ” ಅಂದರು. ಅಂದವರೇ ಮರುದಿನ ನಸುಕಿಗೆ ನನಗಿಂತ ಮೊದಲೇ ಮಂಕಿ ಟೋಪಿ ಏರಿಸಿ ಕೂತಿದ್ದರು.

ಹೋದದ್ದು ಭಿಗವಣಕ್ಕೆ. ಸೋಲಾಪುರ ರಸ್ತೆಯಲ್ಲಿ ಸುಮಾರು ನೂರು ಕಿಲೋಮೀಟರ್, ಉಜನಿ ಅಣೆಕಟ್ಟಿನ ಹಿನ್ನೀರು. ನನಗೆ ಬೇಕಿದ್ದದ್ದು ಚಕ್ರವಾಕ. ರಾತ್ರಿಯಿಡೀ ಜೋಡಿ ಅಗಲಿ ಗೋಳಿಡುತ್ತದೆಂದು ಕವಿಗಳು ಹೇಳುವ, ಲಡಾಖ್, ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ಬರುವ ಕೇಸರಿ ಮೈಯ ಬಾತು. ಹಗಲಲ್ಲಂತೂ ಜೋಡಿ ಆರಾಮಾಗೇ ಇರುತ್ತದೆ. ಗೋಳೇನಿದ್ದರೂ ಫೋಟೋ ತೆಗೆಯುವವನದು.

ಬಾತು ಏಳುವುದು ಗಾಳಿಗೆ ಎದುರಾಗಿ. ಆದ್ದರಿಂದ ಗಾಳಿ, ಸೂರ್ಯ ಎರಡನ್ನೂ ಬೆನ್ನಿಗಿಟ್ಟುಕೊಂಡರೆ ಅದು ನಮ್ಮ ಕಡೆಗೇ ಏಳುತ್ತದೆ. ಇಂಜಿನ್ ಬಂದ್ ಮಾಡಿ ಗಳದಿಂದ ಮೆಲ್ಲಗೆ ತಳ್ಳಬೇಕು, ಕ್ಯಾಮೆರಾ ನೀರಿನ ಮಟ್ಟಕ್ಕೆ ಇಳಿಯಬೇಕು, ಯಾರೂ ಉಸಿರೆತ್ತಬಾರದು. ದೋಣಿಯ ದಾದಾನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಮಾವನವರೂ ಎಲ್ಲಕ್ಕೂ ತಲೆಯಾಡಿಸಿದ್ದರು, ಪಾಪ.

ಜೋಡಿಯೊಂದು ಹದವಾದ ದೂರಕ್ಕೆ ಬಂತು. ಮಾವನವರು ಚೂಡಾ ಪೊಟ್ಟಣ ಬಿಚ್ಚಿದರು. ಚರಚರ ಸದ್ದಿಗೆ ಎರಡೂ ಕತ್ತೆತ್ತಿದವು. ಇನ್ನೇನು ಕ್ಲಿಕ್ಕಿಸಬೇಕು, ಅತ್ತೆಯವರ ಫೋನು, ಪೂರ್ತಿ ವಾಲ್ಯೂಮಿನಲ್ಲಿ. “ಹಾಂ, ನೀರಾಗ ಅದೇವಿ! ಬಾತು ಹೊಡೀಲಿಕ್ಕೆ!” ಪಕ್ಕದ ದೋಣಿಯ ಪಕ್ಷಿಪ್ರೇಮಿಗಳು ದುರ್ಬೀನನ್ನು ಹಕ್ಕಿಗಳಿಂದ ನಮ್ಮ ಕಡೆ ತಿರುಗಿಸಿದರು. ಅವರಲ್ಲೊಬ್ಬರಿಗೆ ಕನ್ನಡ ಬರುತ್ತಿತ್ತು ಅನಿಸುತ್ತದೆ.

ಬಾತುಗಳು ಎದ್ದವು. ನಿಯಮ ತಪ್ಪದೆ ಗಾಳಿಗೆದುರಾಗಿ, ನೇರ ನಮ್ಮ ತಲೆಯ ಮೇಲೇ. “ಹೊಡೀರಿ ಅಳಿಯಂದ್ರ, ಹೊಡೀರಿ!” ಎನ್ನುತ್ತ ಮಾವನವರು ಎದ್ದು ನಿಂತರು. ದೋಣಿ ಓಲಾಡಿತು, ದಾದಾ ಮರಾಠಿಯಲ್ಲಿ ಏನೇನೋ ಅಂದ, ನಾನು ಕ್ಯಾಮೆರಾ ಅಪ್ಪಿಕೊಂಡು ಚೂಡಾದ ಮೇಲೆ ಕೂತೆ. ಸಿಕ್ಕ ಫೋಟೋದಲ್ಲಿ ಮಂಕಿ ಟೋಪಿಯ ಉಣ್ಣೆಯ ಎಳೆಎಳೆಯೂ ಸ್ಪಷ್ಟ. ಅದರ ಮೇಲೆ ಕೇಸರಿ ಮಸುಕು.

ಊಟಕ್ಕೆ ಭಿಗವಣದ ಢಾಬಾ, ಅಲ್ಲಿನ ಹೆಸರಾಂತ ಚಿಲಾಪಿ ಮೀನು. ಮಾವನವರು ತಮ್ಮ ಧಾರವಾಡದ ಮರಾಠಿಯಲ್ಲಿ ಮಾಣಿಯನ್ನು ಕೇಳಿದರು, “ಬದಕ ಆಹೇ ಕಾ?” ಬಾತು ಇದೆಯಾ ಅಂತ. ಆತ ನನ್ನ ಉದ್ದನೆಯ ಲೆನ್ಸನ್ನೊಮ್ಮೆ ನೋಡಿ, “ಅಷ್ಟು ದೊಡ್ಡದಿಟ್ಟುಕೊಂಡೂ ಸಿಗಲಿಲ್ಲವಾ, ಕಾಕಾ?” ಎಂದು ಮರಾಠಿಯಲ್ಲೇ ವಿಚಾರಿಸಿದ.